ವಿಮೋಚನೆಯ ಲೆಕ್ಕದಲ್ಲಿ ಬೈನಾ

1961ರ ಡಿಸೆಂಬರ್ 18ರಂದು ಮುರ್ಮುಗಾಂವ್ ಬಂದರಿನ ಬಳಿ ಪೋರ್ಚುಗೀಸರ ಯುದ್ಧನೌಕೆ ‘ಅಫೊನ್ಸೊ ದ ಅಲ್ಬುಕರ್ಕ್’ ನಮ್ಮ ನೌಕಾಪಡೆಯ ಗುಂಡೇಟಿಗೆ ಸೋತು ದಡ ಹತ್ತಿತು. ಮರುದಿನ ಗೋವಾ ಬಿಡುಗಡೆಯಾಯಿತು. ನಾಲ್ಕೂವರೆ ಶತಮಾನ ಲಿಸ್ಬನ್ನಿನ ಆಳ್ವಿಕೆಯಲ್ಲಿದ್ದ ನಾಡನ್ನು ಭಾರತದ ವ್ಯವಸ್ಥೆಗೆ ಒಗ್ಗಿಸಿದ ರೀತಿಯಲ್ಲಿ ಮೆಚ್ಚುವಂಥದ್ದು ಬಹಳಷ್ಟಿದೆ. 1963ರಲ್ಲಿ ಚುನಾವಣೆ ನಡೆಯಿತು, 1964ರಲ್ಲಿ ಪೋರ್ಟ್ ಟ್ರಸ್ಟ್ ಬಂತು. ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಎಂದು 1967ರ ಜನವರಿ 16ರಂದು ಜನರನ್ನೇ ಕೇಳಿದರು. 34,021 ಮತಗಳ ಅಂತರದಲ್ಲಿ ಗೋವಾ ಪ್ರತ್ಯೇಕವಾಗಿಯೇ ಉಳಿಯಿತು. ಇನ್ನೂ ದೊಡ್ಡ ವಿವೇಕವೆಂದರೆ 1867ರ ಪೋರ್ಚುಗೀಸ್ ಸಿವಿಲ್ ಕೋಡನ್ನು ಕೈಬಿಡದೇ ಇದ್ದದ್ದು. ಮಗಳಿಗೂ ಮಗನಷ್ಟೇ ಪಾಲು ಕೊಡುವ ಕಾನೂನನ್ನು ಪರಂಗಿಯವರದೆಂದು ಎಸೆದಿದ್ದರೆ ಹೆಣ್ಣುಮಕ್ಕಳಿಗೇ ನಷ್ಟವಾಗುತ್ತಿತ್ತು.

ಇದೇ ಕೆಲಸವನ್ನು ಮುರ್ಮುಗಾಂವ್ ಬಂದರಿನ ಪಕ್ಕದ ವಾಸ್ಕೋ ಪಟ್ಟಣದ ಬೈನಾ ಓಣಿಗಳಲ್ಲಿ ನಿಂತು ನೋಡಿದರೆ ಮೆಚ್ಚುಗೆ ಅರ್ಧಕ್ಕೇ ನಿಲ್ಲುತ್ತದೆ. ಬಳ್ಳಾರಿ–ಹೊಸಪೇಟೆಯ ಅದಿರು ಕ್ಯಾಸಲ್‌ರಾಕ್ ಘಟ್ಟ ಇಳಿದು ಈ ಬಂದರಿಗೆ ಬಂತು. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ಕೂಲಿಗೆ ಜನ ಬಂದರು. ಹಡಗಿಗೆ ಸರಕು ತುಂಬಿದವರು, ಕಟ್ಟಡಕ್ಕೆ ಕಲ್ಲು ಹೊತ್ತವರು ಇವರು. ಅದಿರಿಗೆ ಕಟ್ಟೆ, ಯಂತ್ರ, ಹಳಿ ಎಲ್ಲ ಸಿಕ್ಕಿತು. ಹೊತ್ತವರಿಗೆ ಸಿಕ್ಕಿದ್ದು ಕಡಲ ಅಂಚಿನಲ್ಲಿ ತಗಡಿನ ಗುಡಿಸಲು. ವೇಶ್ಯಾವಾಟಿಕೆ ತೆರವುಗೊಳಿಸುತ್ತೇವೆಂದು 2004ರ ಜೂನಿನಲ್ಲಿ, ಮಳೆಗಾಲದ ಬಾಯಲ್ಲೇ, ಬೈನಾಕ್ಕೆ ಬುಲ್ಡೋಜರ್ ಬಂದಾಗ ಆ ದಂಧೆಗೆ ಸಂಬಂಧವೇ ಇಲ್ಲದ ಕುಟುಂಬಗಳೂ ಬೀದಿಗೆ ಬಿದ್ದವು.

ಬಿಡುಗಡೆಗೆ ಮುಂಚೆ ಗೋವಾದಲ್ಲಿ ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಲಿಸ್ಬನ್ನಿನಲ್ಲಿ ಜನನ ನೋಂದಾಯಿಸಿ ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆಯಬಹುದು. ಅದರ ಬಲದಲ್ಲಿ ಯುರೋಪಿಯನ್ ಒಕ್ಕೂಟದ ದೇಶಗಳಲ್ಲೆಲ್ಲ ದುಡಿಯಬಹುದು. ನನಗೆ ಅದರ ಬಗ್ಗೆ ತಕರಾರಿಲ್ಲ, ದುಡಿಮೆ ಹುಡುಕಿ ಹೋಗುವುದು ಎಲ್ಲರ ಹಕ್ಕು. ಅದೇ ಹಕ್ಕಿನಿಂದ ಘಟ್ಟ ಇಳಿದು ಬಂದವನ ಮಗ ಗೋವಾ ಸರ್ಕಾರದ ನೌಕರಿಗೆ ಅರ್ಜಿ ಹಾಕಬೇಕಾದರೆ ಹದಿನೈದು ವರ್ಷದ ವಾಸದ ದಾಖಲೆ ತೋರಿಸಬೇಕು. ಮನೆ ನಂಬರೇ ಇಲ್ಲದ ಗುಡಿಸಲಿನವನು ಅದನ್ನು ಎಲ್ಲಿಂದ ತರಬೇಕು?

ಗೋವಾದವರ ಆತಂಕವೂ ಸುಳ್ಳಲ್ಲ. ಪುಟ್ಟ ರಾಜ್ಯ, ಕೈಜಾರುತ್ತಿರುವ ಜಮೀನು; ಬಂದರಿನ ಕಲ್ಲಿದ್ದಲ ಪುಡಿ ವಾಸ್ಕೋದ ಕಿಟಕಿ ದಂಡೆಗಳ ಮೇಲೆ ಕೂರುತ್ತದೆ, ಆ ಕಲ್ಲಿದ್ದಲು ಹೋಗುವುದು ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ. ಹಾಗಾಗಿ ಹೊಣೆ ಪಣಜಿಯೊಂದರದ್ದೇ ಅಲ್ಲ. ಮಹದಾಯಿ ನೀರಿಗಾಗಿ ನ್ಯಾಯಮಂಡಳಿಯಲ್ಲಿ ವರ್ಷಗಟ್ಟಲೆ ವಾದಿಸಿದ ಕರ್ನಾಟಕ, ಬೈನಾದಲ್ಲಿ ಮನೆ ಕಳೆದುಕೊಂಡವರ ಪರವಾಗಿಯೂ ಅಷ್ಟೇ ಗಟ್ಟಿಯಾಗಿ ಗೋವಾದೊಡನೆ ಮಾತಾಡಬೇಕಿತ್ತು.