ಬೇಲಿಯಲ್ಲೇ ನಿಲ್ಲುವ ಪರವಾನಗಿ

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜಾರಿಯಲ್ಲಿರುವ 2016ರ ಪರಿಸರ ಪರವಾನಗಿ ನಿಯಮಾವಳಿಯು ಪಶುಪಾಲನೆಯನ್ನು ತಲೆ ಎಣಿಸಿ ಅಳೆಯುತ್ತದೆ. 40,000ಕ್ಕಿಂತ ಹೆಚ್ಚು ಕೋಳಿಗಳಿಗೆ, ತಲಾ 30 ಕಿಲೋಗಿಂತ ಹೆಚ್ಚು ತೂಗುವ 2,000ಕ್ಕಿಂತ ಹೆಚ್ಚು ಮಾಂಸದ ಹಂದಿಗಳಿಗೆ ಅಥವಾ 750ಕ್ಕಿಂತ ಹೆಚ್ಚು ತಾಯಿಹಂದಿಗಳಿಗೆ ಜಾಗವಿರುವ ಫಾರಂ ಪರವಾನಗಿಯಿಲ್ಲದೆ ನಡೆಯುವಂತಿಲ್ಲ. ಅದಕ್ಕಿಂತ ಚಿಕ್ಕದು ಈ ನಿಯಮದ ಕಣ್ಣಿಗೆ ಬೀಳುವುದಿಲ್ಲ, ಹಸುಗಳಿಗಂತೂ ಇಂಥ ಮಿತಿಯೇ ಇಲ್ಲ. ಯುರೋಪ್ ಒಕ್ಕೂಟದ 1996ರ ನಿರ್ದೇಶನದಿಂದ ಬಂದ ಈ ಅಂಕಿಗಳು, ಬ್ರಿಟನ್ ಒಕ್ಕೂಟವನ್ನು ತೊರೆದ ಮೇಲೂ ಹಾಗೆಯೇ ಉಳಿದುಕೊಂಡಿವೆ.

ಪರವಾನಗಿ ತನ್ನ ಪರಿಧಿಯೊಳಗೆ ಒಳ್ಳೆಯ ಕೆಲಸವನ್ನೇ ಮಾಡಿದೆ ಎಂಬುದನ್ನು ಮೊದಲು ಒಪ್ಪಬೇಕು. ಹಿಕ್ಕೆಯಿಂದ ಏಳುವ ಅಮೋನಿಯಾ ಎಂಬ ಘಾಟಿನ ಅನಿಲ, ನೆರೆಹೊರೆಗೆ ತಟ್ಟುವ ದುರ್ವಾಸನೆ, ಶೆಡ್ಡು ತೊಳೆದ ನೀರು, ಇವೆಲ್ಲವನ್ನೂ ಹತೋಟಿಯಲ್ಲಿಡುವ ಬಗೆಯನ್ನು ಫಾರಂ ಮಾಲೀಕ ಬರಹದಲ್ಲಿ ತೋರಿಸಬೇಕಾಗುತ್ತದೆ, ತಪಾಸಣೆಗೂ ಒಳಪಡಬೇಕಾಗುತ್ತದೆ. ಆದರೆ ಗೊಬ್ಬರವು ಲಾರಿಯೇರಿ ಬೇಲಿ ದಾಟಿ ಬೇರೊಬ್ಬರ ಹೊಲಕ್ಕೆ ಹೋದೊಡನೆ ಪರವಾನಗಿಯ ಹಿಡಿತ ಸಡಿಲವಾಗುತ್ತದೆ. ಅಲ್ಲಿಂದ ಮುಂದೆ ಅದನ್ನು ನೋಡಿಕೊಳ್ಳಬೇಕಾದದ್ದು ಇಂಗ್ಲೆಂಡಿನಲ್ಲಿ 2018ರಲ್ಲಿ ಬಂದ, ಕೃಷಿಭೂಮಿಯಿಂದ ನೀರು ಕೆಡದಂತೆ ತಡೆಯುವ ಬೇರೊಂದು ನಿಯಮ. ನದಿ-ತೊರೆಗಳಿಂದ 10 ಮೀಟರ್, ಬಾವಿ-ಬುಗ್ಗೆಗಳಿಂದ 50 ಮೀಟರ್ ಒಳಗೆ ಗೊಬ್ಬರ ಚೆಲ್ಲಬಾರದೆಂದು ಅದು ವಿಧಿಸುತ್ತದೆ, ಮಣ್ಣಿಗೂ ಬೆಳೆಗೂ ಬೇಕಾದಷ್ಟನ್ನೇ ಹಾಕಬೇಕೆಂದೂ ಹೇಳುತ್ತದೆ. ಆದರೂ ಒಂದು ಕಣಿವೆಗೆ ಒಟ್ಟು ಎಷ್ಟು ಗೊಬ್ಬರ ಬಂದು ಬಿತ್ತು ಎಂಬ ಲೆಕ್ಕವನ್ನು ಈ ಎರಡು ನಿಯಮಗಳಲ್ಲಿ ಯಾವುದೂ ಇಡುವುದಿಲ್ಲ.

ಈ ಕೊರತೆಯ ಬೆಲೆಯನ್ನು ವೈ ನದಿ ತೆರುತ್ತಿದೆ. ವೇಲ್ಸ್‌ನ ಬೆಟ್ಟಗಳಲ್ಲಿ ಹುಟ್ಟಿ, ಪೊವಿಸ್ ಮತ್ತು ಹೆರೆಫರ್ಡ್‌ಶೈರ್‌ಗಳನ್ನು ಹಾದು ಸೆವರ್ನ್ ನದೀಮುಖವನ್ನು ಸೇರುವ ಈ ನದಿಯ ಜಲಾನಯನ ಪ್ರದೇಶದಲ್ಲಿ, ಅಂದರೆ ಮಳೆನೀರು ಹರಿದು ನದಿಗೆ ಸೇರುವ ಒಟ್ಟು ನೆಲದಲ್ಲಿ, ಯಾವುದೇ ಹೊತ್ತಿಗೆ 2 ಕೋಟಿಗೂ ಹೆಚ್ಚು ಕೋಳಿಗಳಿರುತ್ತವೆ ಎಂಬುದು ಸಾಮಾನ್ಯ ಅಂದಾಜು. ತನ್ನ ಹೊಲದ ಮೇವನ್ನೇ ತಿಂದ ದನದ ಸಗಣಿ ತಿಪ್ಪೆಯ ಮೂಲಕ ಅದೇ ಹೊಲಕ್ಕೆ ಮರಳುವಾಗ ಪೋಷಕಾಂಶಗಳು ಬಹುಮಟ್ಟಿಗೆ ಅಲ್ಲಲ್ಲೇ ಸುತ್ತುತ್ತವೆ. ವೈ ಕಣಿವೆಯ ಕೋಳಿಗಳ ಆಹಾರವಾದರೋ ಬಹುಪಾಲು ಹೊರಗಿನದು. ಕಡಲಾಚೆಯ ಸೋಯಾದೊಡನೆ ಬಂದ ರಂಜಕವೆಂಬ ಪೋಷಕಾಂಶ ಹಿಕ್ಕೆಯಾಗಿ ಈ ಮಣ್ಣಿನಲ್ಲೇ ತಂಗುತ್ತದೆ. ಹೀಗೆ ಬೆಳೆ ಹೀರಿಕೊಳ್ಳದೆ ಪ್ರತಿವರ್ಷ ಸುಮಾರು 3,000 ಟನ್ ರಂಜಕ ಇಲ್ಲಿ ಹೆಚ್ಚುವರಿಯಾಗಿ ಕೂಡಿಕೊಳ್ಳುತ್ತಿದೆ ಎಂದು ಲಂಕಾಸ್ಟರ್ ವಿಶ್ವವಿದ್ಯಾಲಯದ ನೇತೃತ್ವದ ಅಧ್ಯಯನವು 2022ರಲ್ಲಿ ಲೆಕ್ಕ ಹಾಕಿತು. ಮಳೆಗೆ ಮಣ್ಣಿನೊಂದಿಗೆ ಕೊಚ್ಚಿಹೋದ ರಂಜಕದಿಂದ ಬೇಸಿಗೆಯಲ್ಲಿ ಪಾಚಿ ಉಕ್ಕುತ್ತದೆ, ನೀರು ಹಸಿರುಗಟ್ಟಿ ತಳಕ್ಕೆ ಬೆಳಕಿಲ್ಲದಂತಾಗುತ್ತದೆ, ಸಾಲ್ಮನ್ ಮರಿಗಳಿಗೆ ಆಸರೆಯಾಗಿದ್ದ ಬಿಳಿ ಹೂವಿನ ಜಲಸಸ್ಯ ಸಾಯುತ್ತದೆ. 2023ರಲ್ಲಿ ಸರ್ಕಾರದ ಪ್ರಕೃತಿ ಸಂರಕ್ಷಣಾ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್ ನದಿಯ ಸ್ಥಿತಿಯನ್ನು ‘ಪ್ರತಿಕೂಲ, ಕ್ಷೀಣಿಸುತ್ತಿದೆ’ ಎಂಬ ದರ್ಜೆಗೆ ಇಳಿಸಿತು.

ಹೀಗಿರುವಾಗ ಪ್ರತಿಯೊಂದು ಫಾರಂ ಕಾನೂನುಬದ್ಧವಾಗಿದ್ದೂ ನದಿ ಸಾಯಬಹುದು ಎಂಬುದೇ ಈ ವ್ಯವಸ್ಥೆಯ ಮೂಲದೋಷ. 39,000 ಕೋಳಿಗಳ ಹತ್ತು ಫಾರಂಗಳು ಒಂದೇ ತೊರೆಯ ದಡದಲ್ಲಿ ಎದ್ದರೂ, ಅವುಗಳ ಒಡೆತನ ಬೇರೆಬೇರೆಯಾಗಿದ್ದರೆ ಯಾವುದಕ್ಕೂ ಪರಿಸರ ಪರವಾನಗಿ ಬೇಕಿಲ್ಲ. ಸ್ಥಳೀಯ ಮಂಡಳಿಯ ಕಟ್ಟಡ ಅನುಮತಿಯೊಂದೇ ಅವಕ್ಕೆ ತಡೆ. ಎಣಿಸಬೇಕಾದದ್ದು ಕೋಳಿಯ ತಲೆಯನ್ನಲ್ಲ, ಕಣಿವೆಯ ಮಣ್ಣು ತಾಳಬಲ್ಲ ರಂಜಕವನ್ನು.

ಹೆರೆಫರ್ಡ್‌ಶೈರ್ ಮಂಡಳಿ ತನ್ನ ಯೋಜನಾ ನೀತಿಯಲ್ಲಿ ಈ ದಿಕ್ಕಿಗೇ ಹೆಜ್ಜೆಯಿಟ್ಟು, ಹೊಸ ಪಶುಪಾಲನಾ ಶೆಡ್ಡುಗಳ ಗೊಬ್ಬರವನ್ನು ತ್ಯಾಜ್ಯವಾಗಿ ಪರಿಗಣಿಸಿ, ಅದರಿಂದ ನದಿಯ ಹೊರೆ ಹೆಚ್ಚದೆಂಬುದನ್ನು ಅರ್ಜಿದಾರರೇ ತೋರಿಸಬೇಕೆಂದು ಕೇಳಿತು. ರೈತ ಒಕ್ಕೂಟ ಅದನ್ನು ಪ್ರಶ್ನಿಸಿದಾಗ 2025ರಲ್ಲಿ ಹೈಕೋರ್ಟ್ ಮಂಡಳಿಯ ಪರ ನಿಂತದ್ದು ಸಣ್ಣ ಸಂಗತಿಯಲ್ಲ. ಆದರೂ ಆ ನೀತಿ ಹೊಸ ಅರ್ಜಿಗಳಿಗಷ್ಟೇ ಅನ್ವಯಿಸುತ್ತದೆ. ಈಗಾಗಲೇ ನಿಂತಿರುವ ಶೆಡ್ಡುಗಳು ಅದರ ಹೊರಗಿವೆ. ನದಿಯ ಮೇಲ್ಭಾಗದ ಪೊವಿಸ್ ವೇಲ್ಸ್‌ನಲ್ಲಿರುವುದರಿಂದ ಬೇರೆ ಮಂಡಳಿಯ, ಬೇರೆ ಸರ್ಕಾರದ ಅಧೀನದಲ್ಲಿದೆ.