ಹೃದಯ ಕಸಿಯ ಅರ್ಹತೆ: ಒಂದು ವಿಮರ್ಶೆ

ದಾನವಾಗಿ ಬಂದ ಹೃದಯ ಒಂದು, ಅದಕ್ಕಾಗಿ ಕಾದಿರುವವರು ಹಲವರು. ಆದುದರಿಂದ ರೋಗಿಯ ಅರ್ಹತೆಯನ್ನು ವೈದ್ಯರು ಮೊದಲೇ ಪರೀಕ್ಷಿಸುವುದು ನ್ಯಾಯವೇ. ಹೃದಯ ಮತ್ತು ಶ್ವಾಸಕೋಶ ಕಸಿಯ ಅಂತಾರಾಷ್ಟ್ರೀಯ ಸಂಘವು 2006ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ ಮಾನದಂಡಗಳಲ್ಲಿ ದೇಹಸ್ಥಿತಿಗೆ ಸಂಬಂಧಿಸಿದವುಗಳ ಬಗ್ಗೆ ನನ್ನ ಆಕ್ಷೇಪವಿಲ್ಲ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವು ಇಳಿಯದಷ್ಟು ಏರಿದ್ದರೆ ಹೊಸ ಹೃದಯದ ಬಲಭಾಗ ಸೋಲುತ್ತದೆ. ಇಲ್ಲಿ ಬಡವ ಬಲ್ಲಿದರೆಂಬ ಭೇದವಿಲ್ಲ.

ಆದರೆ 2016ರ ಪಾಠವು ಧೂಮಪಾನವನ್ನೂ ಆಸರೆಯ ಕೊರತೆಯನ್ನೂ ‘ಸಾಪೇಕ್ಷ ಅಡ್ಡಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತದೆ. ಆಸರೆ ಬೇಕೆನ್ನುವುದು ಸುಳ್ಳಲ್ಲ. ಕಸಿಯಾದವರಿಗೆ ಆಜೀವ ಔಷಧ, ಮೊದಲ ವರ್ಷ ಪದೇ ಪದೇ ತಪಾಸಣೆ ಅನಿವಾರ್ಯ. ಆದರೂ ಬೀಡಿ ಬಿಡುವುದು ರೋಗಿಯ ಕೈಯಲ್ಲಿದೆ, ಬಂಧುಗಳನ್ನು ಸಂಪಾದಿಸುವುದು ಇಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವ ಪರಊರಿನವನು ನಗರದ ಇನ್ನೊಂದು ತುದಿಯ ಬೊಮ್ಮಸಂದ್ರದ ಹೃದಯಾಲಯಕ್ಕೆ ಯಾರನ್ನು ಜೊತೆಗೆ ಕರೆದೊಯ್ಯಬೇಕು? ವಸೂಲಾಗಬಹುದಾದ ಬಾಕಿಯನ್ನು ಮುಳುಗಿದ ಸಾಲದ ಖಾತೆಗೆ ಬರೆಯುವ ಗುಮಾಸ್ತನನ್ನು ವ್ಯಾಪಾರಿಗಳಾದ ನಾವು ಒಪ್ಪುವುದಿಲ್ಲ. ಆಸರೆ ಇಲ್ಲವೆಂದು ಬರೆಯುವ ಮೊದಲು ಅದನ್ನು ಒದಗಿಸಲು ಯಾರನ್ನು ಕೇಳಲಾಯಿತೆಂಬುದೂ ಕಡತದಲ್ಲಿರಬೇಕು. ಆಸ್ಪತ್ರೆಯ ಬಳಿ ಎರಡು ಕೋಣೆ, ಹೊತ್ತಿಗೆ ಸರಿಯಾಗಿ ಔಷಧ ಕೊಡಲು ಒಬ್ಬ ಸಹಾಯಕ: ಔಷಧದಾನಕ್ಕೆಂದು ಹಣ ತೆಗೆದಿಡುವ ನಮ್ಮ ಟ್ರಸ್ಟುಗಳನ್ನೇ ಕೇಳಬಹುದು.