ಅಡ್ಜಸ್ಟ್ ನುಂಗಿದ ಕ್ರಿಯಾಪದಗಳು

ಆರ್.ಟಿ. ನಗರದಲ್ಲಿ ಉರ್ದು ಆಡುವವರು, ಒಬ್ಬರ ಬಾಯಲ್ಲಿ ಮಾತಿಗೊಮ್ಮೆ ಬರುವ ಪದವನ್ನು ‘ತಕಿಯಾ ಕಲಾಂ’ ಎನ್ನುತ್ತಾರೆ. ತಕಿಯಾ ಅಂದರೆ ದಿಂಬು. ಮಾತಾಡುವವರು ಒಂದು ಗಳಿಗೆ ಒರಗಿಕೊಳ್ಳಲು ಇಟ್ಟುಕೊಂಡ ಪದ. ನಮ್ಮ ‘ಒಂಥರಾ’, ‘ಏನಂದ್ರೆ’, ‘ಆಕ್ಚುವಲಿ’ ಇಂಥವೇ. ಇವುಗಳ ಮೇಲೆ ನನಗೆ ಸಿಟ್ಟಿಲ್ಲ. ಮುಂದಿನ ಮಾತು ಹೊಳೆಯುವ ತನಕ ನಾಲಿಗೆಗೂ ಒಂದು ಆಸರೆ ಬೇಕು. ‘ಗುರು’ವಂತೂ ನನಗೆ ಇಷ್ಟ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿಯೂ ಲಾರಿ ಡ್ರೈವರೂ ಒಬ್ಬರನ್ನೊಬ್ಬರು ‘ಗುರು’ ಎಂದೇ ಕೂಗುತ್ತಾರೆ. ಎಷ್ಟು ಸವೆದರೂ ಅದರಲ್ಲಿ ಮರ್ಯಾದೆ, ಸಲಿಗೆ ಎರಡೂ ಉಳಿದಿವೆ.

ನನ್ನ ತಕರಾರು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ಯ ಮೇಲೆ. ಬೆಂಗಳೂರಿನ ಸೌಜನ್ಯ ಇದರಲ್ಲೇ ಇದೆ ಎಂದು ಮೆಚ್ಚಿದವರು ಬಹಳ. ಬಸ್ಸಿನ ಸೀಟಿನ ಮಟ್ಟಿಗೆ ಆ ಮೆಚ್ಚುಗೆ ನ್ಯಾಯವೇ. ಕೇಳುವವರು ನಿಂತಿದ್ದಾರೆ, ಕೊಡಬೇಕಾದವರು ಕೂತಿದ್ದಾರೆ, ಆಗಲ್ಲ ಅನ್ನುವ ಹಕ್ಕು ಕೂತವರದು. ಅದೇ ಮಾತು ಮನೆ ಮಾಲೀಕರ ಬಾಯಿಗೆ ಬಂದರೆ ಎಲ್ಲ ತಿರುಗುಮುರುಗು. 2024ರ ಬೇಸಿಗೆಯಲ್ಲಿ ಯಲಹಂಕದ ನಮ್ಮ ಬಾಡಿಗೆ ಮನೆಯ ಬೋರ್‌ವೆಲ್ ಬತ್ತಿತು. ಆ ಮಾರ್ಚ್‌ನಲ್ಲೇ ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಮಾತು ಕಟುವಾಗಿತ್ತು, ಆದರೆ ಯಾವುದಕ್ಕೆ, ಎಷ್ಟು ಅನ್ನುವುದು ಅದರಲ್ಲಿತ್ತು. ನಮ್ಮ ಮಾಲೀಕರು ಹೇಳಿದ್ದು ಇಷ್ಟೇ: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್.’ ಎಷ್ಟು ದಿನ? ದಿನಕ್ಕೆ ಎಷ್ಟು ಬಿಂದಿಗೆ? ಟ್ಯಾಂಕರ್ ದುಡ್ಡು ಯಾರದು? ‘ಸ್ವಲ್ಪ’ ಅಂದರೆ ಸಂಸ್ಕೃತದಲ್ಲಿ ಸು ಅಲ್ಪ, ತೀರಾ ಕಡಿಮೆ. ಆ ತೀರಾ ಕಡಿಮೆ ಎರಡೂವರೆ ತಿಂಗಳು ನಡೆಯಿತು. ಮೂರು ಪ್ರಶ್ನೆಗಳಲ್ಲಿ ಒಂದನ್ನೂ ನಾನು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಹೊಂದಿಕೊಂಡು ಹೋಗದವನು ಅನ್ನಿಸಿಕೊಳ್ಳುತ್ತಿದ್ದೆ.

ಜರುಗಿ, ಒತ್ತರಿಸಿ, ಕಾಯಿರಿ, ಕಡಿಮೆ ಬಳಸಿ, ತಾಳಿಕೊಳ್ಳಿ, ಬಿಟ್ಟುಕೊಡಿ: ಇಷ್ಟೂ ಮಾತುಗಳ ಜಾಗದಲ್ಲಿ ಈಗ ಅಡ್ಜಸ್ಟ್ ಒಂದೇ ಕೂತಿದೆ. ಅದು ಇಂಗ್ಲಿಷಿನದು ಅನ್ನುವುದು ನನ್ನ ದೂರಲ್ಲ. ಬಸ್ಸು, ಲಾರಿ ನಮ್ಮವೇ ಆಗಿಲ್ಲವೇ. ‘ತಾಳಿಕೊಳ್ಳಿ’ ಎಂದವರು ನಮಗೆ ಕಷ್ಟವಿದೆ ಎಂದು ಒಪ್ಪಿದಂತೆ. ‘ಬಿಟ್ಟುಕೊಡಿ’ ಎಂದವರು ಅದು ನಮ್ಮದೆಂದು ಒಪ್ಪಿದಂತೆ. ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದವರು ಏನನ್ನೂ ಒಪ್ಪಬೇಕಾಗಿಲ್ಲ.

‘ಪ್ರಜಾವಾಣಿ’ಯಲ್ಲಿ 1991ರಿಂದ ವರ್ಷಗಟ್ಟಲೆ ‘ಇಗೋ ಕನ್ನಡ’ ಅಂಕಣ ಬರೆದ ಜಿ. ವೆಂಕಟಸುಬ್ಬಯ್ಯನವರಿಗೆ ಓದುಗರು ತಮಗೆ ತಿಳಿಯದ ಪದಗಳ ಅರ್ಥ ಕೇಳಿ ಬರೆಯುತ್ತಿದ್ದರು. ತಿಳಿದಿದೆ ಅಂದುಕೊಂಡ ಪದಗಳನ್ನೂ ಹಾಗೆ ಎತ್ತಿ ಕೇಳಬೇಕು ಎಂದು ಈಚೆಗೆ ನನಗೆ ಬಲವಾಗಿ ಅನ್ನಿಸುತ್ತಿದೆ.

ಹೋದ ವಾರ ಹೆಬ್ಬಾಳದಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದ ಅಜ್ಜಿಯೊಬ್ಬರು ಕಿಟಕಿ ಪಕ್ಕದ ಹುಡುಗಿಗೆ, ‘ವಸಿ ಜರುಗವ್ವ, ಕೈಯಾಗೆ ಮಗ ಐತೆ’ ಅಂದರು. ಹುಡುಗಿ ಇಯರ್‌ಫೋನ್ ತೆಗೆದು, ‘ಎಲ್ಲೀವರ್ಗೂ ಅಜ್ಜಿ?’ ಎಂದು ಕೇಳಿದಳು.

‘ರಾಜಾನುಕುಂಟೆ.’

ಅವಳು ಜರುಗಿ, ಮಗುವನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು.